ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್ ಓದುವುದು ಹೇಗೆ, ಮುಂದೆ ಯಾವ ಸ್ಕ್ಯಾನ್ ಬೇಕು: ಸಮಗ್ರ ಮಾರ್ಗದರ್ಶಿ

ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ. ‘ಇಂಪ್ರೆಷನ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅಲ್ಲಿಗೆ. ಗ್ರೇಡ್ ಒನ್ ಫ್ಯಾಟಿ ಲಿವರ್, ರೀನಲ್ ಸಿಸ್ಟ್, ಮೈಲ್ಡ್ ಪ್ರೋಸ್ಟಾಟೊಮೆಗಲಿ. ಮೂರು ಸಾಲು ಓದಿ ಮನೆಯವರೆಲ್ಲ ಗಾಬರಿ. ಸಂಜೆಯೊಳಗೆ ನೆಂಟರೊಬ್ಬರು ಫೋನ್ ಮಾಡಿ, ‘ಸುಮ್ನೆ ಬೆಂಗಳೂರಿಗೆ ಹೋಗಿ ಒಂದು ಎಂಆರ್‌ಐ ಮಾಡಿಸಿಬಿಡಿ’ ಅಂತ ಹೇಳಿಯೂ ಆಗಿರುತ್ತದೆ.

ನಾನು ಮೈಸೂರಿನಲ್ಲಿ ಇದೇ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ, ಇದೇ ರಿಪೋರ್ಟ್ ಬರೆಯುವ ಕೆಲಸದಲ್ಲಿರುವವನು. ಮುಂದಿನ ಸ್ಕ್ಯಾನ್ ಬೇಕೇ ಬೇಡವೇ ಅನ್ನುವುದನ್ನು ರಿಪೋರ್ಟಿನ ಪದ ಒಂದೇ ತೀರ್ಮಾನ ಮಾಡುವುದಿಲ್ಲ. ನಿಮಗಿರುವ ತೊಂದರೆ ಏನು, ಅದಕ್ಕೆ ಈ ಸ್ಕ್ಯಾನ್ ಉತ್ತರ ಕೊಟ್ಟಿತಾ, ಕೊಡದಿದ್ದರೆ ಉಳಿದ ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಸಿಕ್ಕರೆ ಚಿಕಿತ್ಸೆ ಬದಲಾಗುತ್ತದಾ? ಇಷ್ಟು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಇದನ್ನು ಓದಿ ನೀವೇ ಸಿಟಿ ಸ್ಕ್ಯಾನಿಗೆ ಬರೆದುಕೊಳ್ಳಿ ಅಂತ ಹೇಳುತ್ತಿಲ್ಲ. ವೈದ್ಯರ ಮುಂದೆ ಸಿಗುವ ಐದು ನಿಮಿಷದಲ್ಲಿ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇದು ಸಾಕು.

ಹೆಜ್ಜೆ 1: ಸ್ಕ್ಯಾನ್ ಹೇಗೆ ಆಯಿತು ಅಂತ ಮೊದಲು ನೋಡಿ

ಪಿತ್ತಕೋಶ, ಅಂದರೆ ಗಾಲ್‌ಬ್ಲಾಡರ್, ಖಾಲಿ ಹೊಟ್ಟೆಯಲ್ಲಿ ಪಿತ್ತ ತುಂಬಿಕೊಂಡು ಉಬ್ಬಿರುತ್ತದೆ. ಏನಾದರೂ ತಿಂದರೆ, ಅದರಲ್ಲೂ ಎಣ್ಣೆ ಪದಾರ್ಥ ತಿಂದರೆ, ಕುಗ್ಗುತ್ತದೆ. ಕುಗ್ಗಿದ ಮೇಲೆ ಒಳಗಿರುವ ಸಣ್ಣ ಕಲ್ಲು ಕಾಣುವುದಿಲ್ಲ, ಗೋಡೆಯೂ ದಪ್ಪಗೆ ಕಾಣುತ್ತದೆ. ಅದಕ್ಕೇ 6ರಿಂದ 8 ಗಂಟೆ ಉಪವಾಸ ಇರಿ ಅನ್ನುವುದು. ಮಂಡ್ಯ ಕಡೆಯಿಂದ ಬೆಳಗಿನ ರೈಲಿಗೆ ಹೊರಟವರು ರೈಲಿನಲ್ಲೇ ಒಂದು ಮದ್ದೂರು ವಡೆ, ಒಂದು ಕಾಫಿ ಮುಗಿಸಿ ಬಂದು, ‘ಊಟ ಮಾಡಿಲ್ಲ ಸಾರ್, ಬರೀ ವಡೆ’ ಅನ್ನುವುದು ನಮಗೆ ಹೊಸದಲ್ಲ. ರಿಪೋರ್ಟಿನಲ್ಲಿ ‘ಗಾಲ್‌ಬ್ಲಾಡರ್ ಕಂಟ್ರಾಕ್ಟೆಡ್’ ಅಂತ ಇದ್ದು, ನೀವು ಉಪವಾಸ ಇರಲಿಲ್ಲ ಅಂದರೆ ಮುಂದಿನ ಪರೀಕ್ಷೆ ಸಿಟಿ ಅಲ್ಲ. ಸರಿಯಾಗಿ ಉಪವಾಸ ಇದ್ದು ಇನ್ನೊಮ್ಮೆ ಅದೇ ಅಲ್ಟ್ರಾಸೌಂಡ್.

ಇದರ ಉಲ್ಟಾ ಕಥೆ ಮೂತ್ರಕೋಶದ್ದು. ಗರ್ಭಕೋಶ, ಅಂಡಾಶಯ, ಪ್ರೋಸ್ಟೇಟ್ ಕಾಣಬೇಕಾದರೆ ಮೂತ್ರ ತುಂಬಿರಬೇಕು. ಆದರೆ ಎರಡು ಬಾಟಲ್ ನೀರು ಕುಡಿದು ಎರಡು ಗಂಟೆ ತಡೆದುಕೊಂಡು ಕೂತರೆ ಮೂತ್ರಪಿಂಡದೊಳಗೂ ಸ್ವಲ್ಪ ನೀರು ನಿಂತಂತೆ ಕಾಣುತ್ತದೆ. ‘ಮೈಲ್ಡ್ ಬೈಲ್ಯಾಟರಲ್ ಹೈಡ್ರೋನೆಫ್ರೋಸಿಸ್’ ಅಂತ ಬರೆದಿದ್ದರೆ, ಮೂತ್ರ ಮಾಡಿ ಬಂದ ಮೇಲೆ ಮತ್ತೆ ನೋಡಿದರಾ ಅಂತ ಕೇಳಿ. ಎಷ್ಟೋ ಸಲ ಅದು ಅಲ್ಲೇ ಮಾಯವಾಗುತ್ತದೆ.

ಇನ್ನು ಗ್ಯಾಸ್. ಅಲ್ಟ್ರಾಸೌಂಡ್ ಅಂದರೆ ಶಬ್ದದ ಅಲೆ. ಅದು ಗಾಳಿ ದಾಟಿ ಹೋಗುವುದಿಲ್ಲ, ಮೂಳೆ ದಾಟಿಯೂ ಹೋಗುವುದಿಲ್ಲ. ‘ಪ್ಯಾಂಕ್ರಿಯಾಸ್ ಅಬ್‌ಸ್ಕ್ಯೂರ್ಡ್ ಬೈ ಬವೆಲ್ ಗ್ಯಾಸ್’ ಅಂತ ಬರೆದಿದ್ದರೆ ಮೇದೋಜೀರಕ ಗ್ರಂಥಿ ಚೆನ್ನಾಗಿದೆ ಅಂತಲೂ ಅಲ್ಲ, ಕೆಟ್ಟಿದೆ ಅಂತಲೂ ಅಲ್ಲ. ಕಾಣಲಿಲ್ಲ, ಅಷ್ಟೇ. ನಿಮಗೆ ‘ಗ್ಯಾಸ್ಟ್ರಿಕ್’ ಇದೆ ಅಂತ ಹೇಳುವ ಸಾಲೂ ಅದಲ್ಲ. ಗ್ಯಾಸ್ ಎಲ್ಲರ ಕರುಳಿನಲ್ಲೂ ಇರುತ್ತದೆ.

ಹೆಜ್ಜೆ 2: ಪದ ಮತ್ತು ಅಳತೆ

‘ಅನೆಕೋಯಿಕ್’ ಅಂದರೆ ಪರದೆಯ ಮೇಲೆ ಪೂರ್ತಿ ಕಪ್ಪು, ಸಾಮಾನ್ಯವಾಗಿ ನೀರಿನಂಥದ್ದು. ‘ಹೈಪರ್‌ಎಕೋಯಿಕ್’ ಅಥವಾ ‘ಎಕೋಜೆನಿಕ್’ ಅಂದರೆ ಸುತ್ತಲಿಗಿಂತ ಬಿಳಿ, ‘ಹೈಪೋಎಕೋಯಿಕ್’ ಅಂದರೆ ಸುತ್ತಲಿಗಿಂತ ಕಪ್ಪು. ಬಿಳಿ ಚುಕ್ಕೆಯ ಹಿಂದೆ ಕಪ್ಪು ನೆರಳು ಬಿದ್ದರೆ ಕಲ್ಲು ಅಂತ ಅನುಮಾನ. ಅದೇ ‘ಶಾಡೋಯಿಂಗ್’. ಇವು ಯಾವುದೂ ಕಾಯಿಲೆಯ ಹೆಸರಲ್ಲ, ಪರದೆಯಲ್ಲಿ ಕಂಡ ಬಣ್ಣದ ವಿವರಣೆ. ‘ಲೀಶನ್’ ಅಂದರೂ ಕ್ಯಾನ್ಸರ್ ಅಂತಲ್ಲ. ಸುತ್ತಲಿನ ಭಾಗಕ್ಕಿಂತ ಬೇರೆ ಥರ ಕಂಡ ಜಾಗ, ಅಷ್ಟೇ.

ದೊಡ್ಡವರಲ್ಲಿ ಸಾಮಾನ್ಯವಾಗಿ ನೋಡುವ ಅಳತೆಗಳು ಹೀಗಿವೆ. ಲಿವರ್ ಸುಮಾರು 15ರಿಂದ 16 ಸೆಂ.ಮೀ.ವರೆಗೆ. ಸ್ಪ್ಲೀನ್, ಅಂದರೆ ಗುಲ್ಮ, 12ರಿಂದ 13 ಸೆಂ.ಮೀ. ಒಳಗೆ. ಮೂತ್ರಪಿಂಡ 9ರಿಂದ 12 ಸೆಂ.ಮೀ. ಪಿತ್ತಕೋಶದ ಗೋಡೆ 3 ಮಿ.ಮೀ. ಒಳಗೆ. ಪಿತ್ತನಾಳ, ಅಂದರೆ ಸಿಬಿಡಿ, 6 ಮಿ.ಮೀ. ಒಳಗೆ. ವಯಸ್ಸಾದಂತೆ ಇದು ಸ್ವಲ್ಪ ಅಗಲವಾಗುತ್ತದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ 10 ಮಿ.ಮೀ.ವರೆಗೂ ಇರಬಹುದು. ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್ 13 ಮಿ.ಮೀ. ಒಳಗೆ. ಹೊಟ್ಟೆಯ ದೊಡ್ಡ ರಕ್ತನಾಳ ಅಯೋರ್ಟಾ 3 ಸೆಂ.ಮೀ.ಗಿಂತ ಕಡಿಮೆ.

ಆರಡಿ ಎತ್ತರದವರ ಲಿವರ್ 16.2 ಇದ್ದರೆ ‘ಹೆಪಟೊಮೆಗಲಿ’, ಅಂದರೆ ಲಿವರ್ ದೊಡ್ಡದಾಗಿದೆ, ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೆರೆ ದಾಟಿದ ಅಳತೆ ಒಂದು ಸುಳಿವು ಮಾತ್ರ. ರಿಪೋರ್ಟಿನ ಕೊನೆಯಲ್ಲಿ ಬರೆಯುವ ‘ಕ್ಲಿನಿಕಲ್ ಕೋರಿಲೇಶನ್’ ಇದಕ್ಕೇ. ಪರದೆಯಲ್ಲಿ ಕಂಡದ್ದು ನಮ್ಮ ಪಾಲು. ನಿಮ್ಮ ನೋವು, ಜ್ವರ, ರಕ್ತ ಪರೀಕ್ಷೆಯ ಜೊತೆ ಅದನ್ನು ಹೊಂದಿಸುವುದು ನಿಮ್ಮನ್ನು ಮುಟ್ಟಿ ನೋಡಿದ ವೈದ್ಯರ ಪಾಲು. ಕೆಲವರು ಆ ಸಾಲನ್ನು ಸುಮ್ನೆ ತಪ್ಪಿಸಿಕೊಳ್ಳುವುದಕ್ಕೂ ಬರೆಯುತ್ತಾರೆ, ಅದೂ ನಿಜ.

ಹೆಜ್ಜೆ 3: ಒಂದು ರಿಪೋರ್ಟನ್ನು ಜೊತೆಗೇ ಓದೋಣ

ನಮ್ಮ ಕಡೆ ದಿನಾ ಕಾಣುವ ಥರದ ಒಂದು ರಿಪೋರ್ಟ್ ಊಹಿಸಿಕೊಳ್ಳಿ. ಪಾಂಡವಪುರದ ಕಡೆಯ ರೈತ, ವಯಸ್ಸು 52. ಊಟ ಆದ ಮೇಲೆ ಎದೆಗುಂಡಿಗೆಯ ಕೆಳಗೆ ಉರಿ, ಹುಳಿ ತೇಗು, ಮೂರು ತಿಂಗಳಿಂದ. ಅದಕ್ಕೇ ಸ್ಕ್ಯಾನ್. ರಿಪೋರ್ಟ್ ಹೀಗಿದೆ:

ಲಿವರ್ 15.8 ಸೆಂ.ಮೀ., ಎಕೋಜೆನಿಸಿಟಿ ಜಾಸ್ತಿ, ಗ್ರೇಡ್ ಒನ್ ಫ್ಯಾಟಿ. ಗಾಲ್‌ಬ್ಲಾಡರ್‌ನಲ್ಲಿ 9 ಮಿ.ಮೀ.ನ ಒಂದು ಕಲ್ಲು, ಗೋಡೆ 2.5 ಮಿ.ಮೀ. ಸಿಬಿಡಿ 5 ಮಿ.ಮೀ. ಪ್ಯಾಂಕ್ರಿಯಾಸ್‌ನ ತಲೆ ಮತ್ತು ನಡುಭಾಗ ಸರಿ, ಬಾಲ ಗ್ಯಾಸಿನಿಂದ ಕಾಣಲಿಲ್ಲ. ಬಲ ಮೂತ್ರಪಿಂಡದಲ್ಲಿ 22 ಮಿ.ಮೀ.ನ ಸಿಂಪಲ್ ಕಾರ್ಟಿಕಲ್ ಸಿಸ್ಟ್. ಪ್ರೋಸ್ಟೇಟ್ 32 ಸಿಸಿ. ಮೂತ್ರ ಮಾಡಿದ ಮೇಲೆ ಉಳಿದದ್ದು 30 ಎಂಎಲ್.

ಓದಿದರೆ ಮೈಯೆಲ್ಲ ಕಾಯಿಲೆ ಅನ್ನಿಸುತ್ತದೆ, ಅಲ್ವಾ? ಒಂದೊಂದೇ ತೆಗೆದುಕೊಳ್ಳೋಣ.

ಫ್ಯಾಟಿ ಲಿವರ್‌ಗೆ ಬೇಕಾದ ಮುಂದಿನ ಹೆಜ್ಜೆ ಸ್ಕ್ಯಾನ್ ಅಲ್ಲ, ರಕ್ತ ಪರೀಕ್ಷೆ. ಗ್ರೇಡ್ ಒನ್, ಟೂ ಅಂತ ಬರೆಯುವುದು ಎಷ್ಟು ಬೆಳ್ಳಗೆ ಕಂಡಿತು ಅನ್ನುವುದರ ಲೆಕ್ಕ. ಲಿವರ್ ಗಟ್ಟಿಯಾಗುತ್ತಿದೆಯಾ, ಗಾಯದ ಕಲೆ ಕಟ್ಟುತ್ತಿದೆಯಾ ಅನ್ನುವುದು ಮುಖ್ಯ ಪ್ರಶ್ನೆ. ಅದಕ್ಕೆ ಈ ಗ್ರೇಡ್ ಉತ್ತರ ಕೊಡುವುದಿಲ್ಲ. ಅದಕ್ಕೆ ಫಿಬ್-4 ಅನ್ನುವ ಸುಲಭ ಲೆಕ್ಕ ಇದೆ. ಇದಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಲಿವರ್‌ನ ರಕ್ತ ಪರೀಕ್ಷೆಯಲ್ಲಿ ಸಿಗುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಬಂದದ್ದನ್ನು, ಪ್ಲೇಟ್‌ಲೆಟ್ ಸಂಖ್ಯೆ (ಸಾವಿರದ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಿ. ನಮ್ಮ ರೈತನ ಎಸ್‌ಜಿಒಟಿ 36, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.4 ಲಕ್ಷ ಅಂತ ಇಟ್ಟುಕೊಳ್ಳಿ. 52 ಗುಣಿಸು 36, ಅಂದರೆ 1872. ಕೆಳಗೆ 240 ಗುಣಿಸು 7, ಅಂದರೆ 1680. ಉತ್ತರ ಸುಮಾರು 1.11. ಇದು 1.3ಕ್ಕಿಂತ ಕಡಿಮೆ, ಹಾಗಾಗಿ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ತೂಕ, ಸಕ್ಕರೆ, ಕುಡಿತ ನೋಡಿಕೊಂಡು, ಒಂದೆರಡು ವರ್ಷದ ನಂತರ ಮತ್ತೆ ಲೆಕ್ಕ ಹಾಕಿದರಾಯಿತು. 65 ದಾಟಿದವರಿಗೆ ಗೆರೆ 1.3ರ ಬದಲು 2. ಲೆಕ್ಕ 1.3 ದಾಟಿದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಸ್ಕ್ಯಾನ್. ಅದರಲ್ಲಿ 8 ಕಿಲೋಪಾಸ್ಕಲ್ ಒಳಗೆ ಬಂದರೆ ನಿರಾಳ. ಫಿಬ್-4 ಲೆಕ್ಕವೇ 2.67 ದಾಟಿದರೆ ಲಿವರ್ ತಜ್ಞರನ್ನೇ ನೋಡಬೇಕು. ಫ್ಯಾಟಿ ಲಿವರ್ ಇದೆ ಅಂತ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ‘ಗ್ರೇಡ್ ಒನ್ ಗ್ರೇಡ್ ಟೂ ಆಗಿಬಿಟ್ಟಿದೆ’ ಅಂತ ಕೊರಗುವುದು ದುಡ್ಡಿಗೂ ದಂಡ, ನಿದ್ದೆಗೂ ದಂಡ.

ಪಿತ್ತಕೋಶದ ಕಲ್ಲಿನ ವಿಷಯ ಸ್ವಲ್ಪ ಸೂಕ್ಷ್ಮ. ಅದು ಕೊಡುವ ನೋವೇ ಬೇರೆ. ಬಲಪಕ್ಕೆಲುಬಿನ ಕೆಳಗೆ ಅಥವಾ ಮೇಲ್ಹೊಟ್ಟೆಯ ನಡುವೆ ಹಿಡಿದುಕೊಂಡು, ಅರ್ಧ ಗಂಟೆಗಿಂತ ಜಾಸ್ತಿ ಬಿಡದೆ, ಬೆನ್ನಿಗೋ ಬಲ ಭುಜಕ್ಕೋ ಹರಡುತ್ತದೆ. ಉರಿ, ಹುಳಿ ತೇಗು ಅದರದ್ದಲ್ಲ. ತೊಂದರೆ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಶನ್ ಬೇಕಾಗುವುದಿಲ್ಲ. ಕಲ್ಲು 3 ಸೆಂ.ಮೀ. ದಾಟಿದ್ದರೆ, ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಕಲ್ಲಿನ ಜೊತೆ ಪಾಲಿಪ್ (ಒಳಗೋಡೆಗೆ ಅಂಟಿದ ಸಣ್ಣ ಗಂಟು) ಇದ್ದರೆ ಸರ್ಜನ್ ಹತ್ತಿರ ಮಾತಾಡಬೇಕು. ಇಲ್ಲಿ ಸಿಬಿಡಿ 5 ಮಿ.ಮೀ., ಕಾಮಾಲೆ ಇಲ್ಲ. ಹಾಗಾಗಿ ಎಂಆರ್‌ಸಿಪಿ, ಅಂದರೆ ಪಿತ್ತನಾಳ ನೋಡುವುದಕ್ಕೆಂದೇ ಮಾಡುವ ಎಂಆರ್‌ಐ, ಬೇಡ. ಉರಿಗೆ ಔಷಧಿ ಕೊಟ್ಟು ಹೋಗದಿದ್ದರೆ ಮಾಡಬೇಕಾದದ್ದು ಎಂಡೋಸ್ಕೋಪಿ. ಯಾಕೆಂದರೆ ಹೊಟ್ಟೆಯ ಹುಣ್ಣು ಅಲ್ಟ್ರಾಸೌಂಡಿನಲ್ಲಿ ಕಾಣುವುದೇ ಇಲ್ಲ. ಕಲ್ಲಿದೆ ಅಂತ ಪಿತ್ತಕೋಶ ತೆಗೆಸಿ, ಉರಿ ಹಾಗೇ ಉಳಿದು, ಮತ್ತೆ ಸ್ಕ್ಯಾನಿಗೆ ಬಂದವರನ್ನು ನೋಡುವಾಗ ಬೇಜಾರಾಗುತ್ತದೆ.

ಸಿಂಪಲ್ ಸಿಸ್ಟ್ ಅಂದರೆ ತೆಳ್ಳನೆ ಗೋಡೆಯ ನೀರಿನ ಗುಳ್ಳೆ. ವಯಸ್ಸಾದಂತೆ ಬರುತ್ತದೆ, ಕ್ಯಾನ್ಸರ್ ಆಗುವುದಿಲ್ಲ, ಮತ್ತೆ ಸ್ಕ್ಯಾನ್ ಬೇಡ. ಪ್ರೋಸ್ಟೇಟ್ 32 ಸಿಸಿ ಅಂದರೆ ಈ ವಯಸ್ಸಿಗೆ ಸ್ವಲ್ಪ ದೊಡ್ಡದು. ರಾತ್ರಿ ಎದ್ದೇಳುವುದು, ಧಾರೆ ಸಣ್ಣಗಾಗುವುದು ಇಲ್ಲದಿದ್ದರೆ ಔಷಧಿಯೂ ಬೇಡ. ಪ್ರೋಸ್ಟೇಟ್ ಕ್ಯಾನ್ಸರ್ ಇದೆಯಾ ಅಂತ ಹೊಟ್ಟೆಯ ಅಲ್ಟ್ರಾಸೌಂಡ್ ಹೇಳಲಾರದು. ಅದಕ್ಕೆ ಪಿಎಸ್‌ಎ ರಕ್ತ ಪರೀಕ್ಷೆ, ಅದು ಜಾಸ್ತಿ ಇದ್ದರೆ ಪ್ರೋಸ್ಟೇಟ್ ಎಂಆರ್‌ಐ. ಪ್ಯಾಂಕ್ರಿಯಾಸ್‌ನ ಬಾಲ ಕಾಣದ್ದಕ್ಕೆ ಇವರಿಗೆ ಏನೂ ಮಾಡಬೇಕಾಗಿಲ್ಲ. ಇದೇ ಸಾಲು, ತೂಕ ಇಳಿಯುತ್ತಿರುವ, 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದ, ಬೆನ್ನಿಗೆ ಹರಡುವ ನೋವಿರುವ ವ್ಯಕ್ತಿಯ ರಿಪೋರ್ಟಿನಲ್ಲಿ ಇದ್ದರೆ ಕಾಂಟ್ರಾಸ್ಟ್ ಸಿಟಿ (ಬಣ್ಣದ ಔಷಧಿ ಚುಚ್ಚಿ ತೆಗೆಯುವುದು) ತಡ ಮಾಡದೆ ಬೇಕು.

ಅಂದರೆ ಅಷ್ಟುದ್ದದ ರಿಪೋರ್ಟಿಗೆ ಬೇಕಾದ ಮುಂದಿನ ಸ್ಕ್ಯಾನ್ ಒಂದೂ ಇಲ್ಲ. ಒಂದಷ್ಟು ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ.

ಹೆಜ್ಜೆ 4: ಲಿವರ್‌ನಲ್ಲಿ ಗಂಟು ಕಂಡರೆ

ಯಾರ ಹೊಟ್ಟೆ ಅನ್ನುವುದರ ಮೇಲೆ ಒಂದೇ ಸಾಲಿನ ಅರ್ಥ ಎಷ್ಟು ಬದಲಾಗುತ್ತದೆ ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ‘ಲಿವರ್‌ನ ಬಲಭಾಗದಲ್ಲಿ 2 ಸೆಂ.ಮೀ.ನ ಹೈಪರ್‌ಎಕೋಯಿಕ್ ಲೀಶನ್’ ಅಂತಿಟ್ಟುಕೊಳ್ಳಿ.

ಇದು 35 ವರ್ಷದ ಹೆಂಗಸಿನ ರಿಪೋರ್ಟ್, ಬೇರೆ ಯಾವ ಕಾಯಿಲೆಯೂ ಇಲ್ಲ, ಗಂಟಿನ ಅಂಚು ಸ್ಪಷ್ಟವಾಗಿದೆ ಅಂದರೆ ಅದು ಬಹುತೇಕ ಹೆಮಾಂಜಿಯೋಮಾ. ಹುಟ್ಟಿನಿಂದಲೋ ಆಮೇಲೋ ಸೇರಿಕೊಂಡ ರಕ್ತನಾಳಗಳ ಗೊಂಚಲು. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ. ಅನುಮಾನ ಇದ್ದರೆ ಆರು ತಿಂಗಳ ನಂತರ ಇನ್ನೊಂದು ಅಲ್ಟ್ರಾಸೌಂಡ್, ಅಥವಾ ಒಂದೇ ಸಲ ಕಾಂಟ್ರಾಸ್ಟ್ ಎಂಆರ್‌ಐ ಮಾಡಿ ವಿಷಯ ಮುಗಿಸಬಹುದು.

ಅದೇ ಸಾಲು, ವರ್ಷಗಟ್ಟಲೆ ಕುಡಿದು ಲಿವರ್ ಗಟ್ಟಿಯಾದವರ, ಅಂದರೆ ಸಿರೋಸಿಸ್ ಇರುವವರ ರಿಪೋರ್ಟಿನಲ್ಲಿದ್ದರೆ? ಅಥವಾ ಹೆಪಟೈಟಿಸ್ ಬಿ ಇರುವವರದ್ದಾದರೆ? ಅಥವಾ ಮೊದಲು ಎಲ್ಲೋ ಕ್ಯಾನ್ಸರ್ ಆಗಿ ಚಿಕಿತ್ಸೆ ತೆಗೆದುಕೊಂಡವರದ್ದಾದರೆ? ಆಗ ಕಾದು ನೋಡುವ ಮಾತೇ ಇಲ್ಲ. ಸಿರೋಸಿಸ್ ಇರುವವರಲ್ಲಿ 1 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಹೊಸ ಗಂಟಿಗೆ ಟ್ರೈಫೇಸಿಕ್ ಸಿಟಿ ಅಥವಾ ಕಾಂಟ್ರಾಸ್ಟ್ ಎಂಆರ್‌ಐ ಬೇಕೇ ಬೇಕು. 1 ಸೆಂ.ಮೀ.ಗಿಂತ ಚಿಕ್ಕದಾದರೆ ಮೂರು ತಿಂಗಳ ಆಸುಪಾಸಿನಲ್ಲಿ ಮತ್ತೆ ಅಲ್ಟ್ರಾಸೌಂಡ್.

‘ಟ್ರೈಫೇಸಿಕ್’ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲಿವರ್ ಕ್ಯಾನ್ಸರ್‌ಗೆ ರಕ್ತ ಬರುವುದು ಮುಖ್ಯವಾಗಿ ಹೆಪಾಟಿಕ್ ಆರ್ಟರಿಯಿಂದ, ಉಳಿದ ಲಿವರ್‌ಗೆ ಜಾಸ್ತಿ ರಕ್ತ ಬರುವುದು ಪೋರ್ಟಲ್ ವೇನ್‌ನಿಂದ. ಹಾಗಾಗಿ ಬಣ್ಣದ ಔಷಧಿ ಚುಚ್ಚಿದಾಗ ಕ್ಯಾನ್ಸರ್ ಗಂಟು ಮೊದಲ ಹಂತದಲ್ಲೇ ಹೊಳೆದು, ನಂತರದ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತದೆ. ಹೆಮಾಂಜಿಯೋಮಾ ಅಂಚಿನಿಂದ ನಿಧಾನಕ್ಕೆ ತುಂಬಿಕೊಂಡು ಹೊಳಪು ಉಳಿಸಿಕೊಳ್ಳುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆದರೆ ಮಾತ್ರ ಈ ವ್ಯತ್ಯಾಸ ಸಿಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ನಡೆ ಸ್ಪಷ್ಟವಾಗಿ ಕಂಡರೆ ಸೂಜಿ ಹಾಕಿ ತುಣುಕು ತೆಗೆಯದೆಯೂ ಕ್ಯಾನ್ಸರ್ ಅಂತ ತೀರ್ಮಾನ ಮಾಡಬಹುದು. ಚೀಟಿಯಲ್ಲಿ ಬರೀ ‘ಸಿಟಿ ಅಬ್ಡಮನ್ ಪ್ಲೇನ್’ (ಬಣ್ಣದ ಔಷಧಿ ಇಲ್ಲದ್ದು) ಅಂತ ಬರೆದು, ಕಡಿಮೆ ಖರ್ಚು ಅಂತ ಅದನ್ನೇ ಮಾಡಿಸಿದರೆ ಗಂಟು ಕಂಡರೂ ಯಾವುದು ಅಂತ ಗೊತ್ತಾಗುವುದಿಲ್ಲ. ಮತ್ತೆ ದುಡ್ಡು, ಮತ್ತೆ ವಿಕಿರಣ.

ಸಿರೋಸಿಸ್ ಇರುವವರು ಗಂಟು ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು. ಫ್ಯಾಟಿ ಲಿವರ್‌ನವರು ಬೇಡದೆ ಮಾಡಿಸುತ್ತಾರೆ, ಬೇಕಾದ ಇವರು ಮಾಡಿಸುವುದಿಲ್ಲ. ಲಿವರ್‌ನ ಸಿಂಪಲ್ ಸಿಸ್ಟ್‌ಗೆ ಮೂತ್ರಪಿಂಡದ್ದಕ್ಕೆ ಹೇಳಿದ್ದೇ ಮಾತು.

ಹೆಜ್ಜೆ 5: ಪಿತ್ತಕೋಶ, ಪಿತ್ತನಾಳ

ಪಿತ್ತಕೋಶದ ಕಲ್ಲು ನೋಡುವುದಕ್ಕೆ ಅಲ್ಟ್ರಾಸೌಂಡೇ ಒಳ್ಳೆಯದು. ಸಿಟಿಯಲ್ಲಿ ಎಷ್ಟೋ ಕಲ್ಲುಗಳು ಕಾಣುವುದೇ ಇಲ್ಲ. ದುಬಾರಿ ಸ್ಕ್ಯಾನ್ ಅಂದರೆ ಒಳ್ಳೆಯ ಸ್ಕ್ಯಾನ್ ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಆದರೆ ಕಲ್ಲು ನಾಳಕ್ಕೆ ಜಾರಿದ್ದರೆ ಅಲ್ಟ್ರಾಸೌಂಡ್ ಸೋಲುತ್ತದೆ, ಯಾಕೆಂದರೆ ನಾಳದ ಕೆಳತುದಿ ಕರುಳಿನ ಗ್ಯಾಸ್ ಹಿಂದೆ ಇರುತ್ತದೆ. ಸಿಬಿಡಿ ಅಗಲವಾಗಿದೆ, ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ ಅಥವಾ ಆಲ್ಕಲೈನ್ ಫಾಸ್ಫಟೇಸ್ ಏರಿದೆ ಅಂದರೆ ಎಂಆರ್‌ಸಿಪಿ. ಇದಕ್ಕೆ ಇಂಜೆಕ್ಷನ್ ಬೇಡ, ವಿಕಿರಣ ಇಲ್ಲ. ಇಆರ್‌ಸಿಪಿ ಬೇರೆ. ಅದು ಬಾಯಿಯಿಂದ ಟ್ಯೂಬ್ ಹಾಕಿ ಕಲ್ಲು ತೆಗೆಯುವ ಚಿಕಿತ್ಸೆ. ಬರೀ ನೋಡುವುದಕ್ಕೆ ಅದನ್ನು ಮಾಡಬಾರದು, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ. ನೋವಿಲ್ಲದೆ ಕಾಮಾಲೆ ಬಂದು ನಾಳ ಅಗಲವಾಗಿದ್ದರೆ ಗಂಟಿನ ಅನುಮಾನ. ಆಗ ಪ್ಯಾಂಕ್ರಿಯಾಸ್‌ಗೆಂದೇ ತೆಗೆಯುವ ಕಾಂಟ್ರಾಸ್ಟ್ ಸಿಟಿ ಬೇಕು. ಹಳ್ಳಿ ಔಷಧಿ ಕುಡಿದು ಮೂರು ವಾರ ಕಾಯುವ ಕಾಮಾಲೆ ಇದಲ್ಲ.

ಪಾಲಿಪ್ 10 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಸರ್ಜನ್. 6ರಿಂದ 9 ಮಿ.ಮೀ. ಇದ್ದರೆ ವಯಸ್ಸು, ಪಾಲಿಪ್‌ನ ಆಕಾರ ನೋಡಿ ಆಪರೇಶನ್ ಅಥವಾ ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಅಲ್ಟ್ರಾಸೌಂಡ್. 5 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕದು ಬಹುಪಾಲು ಕೊಲೆಸ್ಟರಾಲ್ ಕಣ ಅಂಟಿಕೊಂಡದ್ದು.

ಮಳೆಗಾಲದಲ್ಲಿ ಇನ್ನೊಂದು ಗಮನದಲ್ಲಿರಲಿ. ಡೆಂಗಿ ಜ್ವರದಲ್ಲಿ ಪಿತ್ತಕೋಶದ ಗೋಡೆ ಊದಿಕೊಂಡು ದಪ್ಪ ಕಾಣುತ್ತದೆ, ಹೊಟ್ಟೆಯಲ್ಲಿ ಮತ್ತು ಶ್ವಾಸಕೋಶದ ಸುತ್ತ ಸ್ವಲ್ಪ ನೀರೂ ಸೇರಬಹುದು. ಅದು ರಕ್ತನಾಳ ಸೋರುತ್ತಿರುವ ಗುರುತು, ಪಿತ್ತಕೋಶದ ಸೋಂಕಲ್ಲ. ಆಪರೇಶನ್ ಬೇಡ. ಪ್ಲೇಟ್‌ಲೆಟ್, ಹೆಮಟೋಕ್ರಿಟ್, ಬಿಪಿ ನೋಡಿಕೊಳ್ಳಬೇಕು.

ಹೆಜ್ಜೆ 6: ಮೂತ್ರಪಿಂಡ, ಕಲ್ಲು

‘3 ಮಿ.ಮೀ. ಕಲ್ಲು ಇದೆ’ ಅನ್ನುವ ರಿಪೋರ್ಟ್ ನಮ್ಮ ಕಡೆ ಮನೆಗೊಂದು ಸಿಗುತ್ತದೆ. ಅಷ್ಟು ಸಣ್ಣ ಬಿಳಿ ಚುಕ್ಕೆ ಎಷ್ಟೋ ಸಲ ಕಲ್ಲೇ ಅಲ್ಲ, ಮೂತ್ರಪಿಂಡದೊಳಗಿನ ಕೊಬ್ಬು ಅಥವಾ ರಕ್ತನಾಳದ ಗೋಡೆ ಹಾಗೆ ಕಂಡಿರುತ್ತದೆ. ಕಲ್ಲೇ ಆಗಿದ್ದರೂ ಮೂತ್ರಪಿಂಡದೊಳಗೆ ಸುಮ್ನೆ ಕೂತ ಸಣ್ಣ ಕಲ್ಲು ಬೆನ್ನುನೋವು ಕೊಡುವುದು ಅಪರೂಪ. ಬಾಗಿ ನಾಟಿ ಮಾಡಿ, ಕಬ್ಬು ಹೊತ್ತು ಬಂದ ಸೊಂಟದ ನೋವನ್ನು ಆ ಕಲ್ಲಿನ ಮೇಲೆ ಹಾಕುವುದು ಬೇಡ. ಬಾಳೆದಿಂಡಿನ ಪಲ್ಯ ಮಾಡಿಕೊಂಡು ತಿನ್ನಿ, ರುಚಿಯಾಗಿರುತ್ತದೆ. ಆದರೆ ಕಲ್ಲು ತಡೆಯುವುದು ನೀರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಬಿಸಿಲಿನಲ್ಲಿ ಗದ್ದೆ ಕೆಲಸ ಮಾಡುವವರು ಅದಕ್ಕೆ ತಕ್ಕ ಹಾಗೆ ಜಾಸ್ತಿ ಕುಡಿಯಬೇಕು.

ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ, ಒದ್ದಾಡಿಸುವ ನೋವಿದ್ದು, ಅಲ್ಟ್ರಾಸೌಂಡಿನಲ್ಲಿ ಒಂದು ಪಕ್ಕದ ಮೂತ್ರಪಿಂಡ ಊದಿದೆ, ಕಲ್ಲು ಮಾತ್ರ ಕಾಣುತ್ತಿಲ್ಲ ಅಂದರೆ ಕಲ್ಲು ಮೂತ್ರನಾಳದ ನಡುವೆ ಇರಬಹುದು. ಆ ಭಾಗ ಅಲ್ಟ್ರಾಸೌಂಡಿಗೆ ಸಿಗುವುದಿಲ್ಲ. ಇಲ್ಲಿ ಬೇಕಾದದ್ದು ಪ್ಲೇನ್ ಸಿಟಿ ಕೆಯುಬಿ (ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶದ್ದು), ಆದಷ್ಟೂ ಕಡಿಮೆ ಡೋಸಿನದ್ದು. ಬಣ್ಣದ ಇಂಜೆಕ್ಷನ್ ಬೇಡ. ಬಣ್ಣ ಬಿಳಿಯಾಗಿ ಕಾಣುತ್ತದೆ, ಕಲ್ಲೂ ಬಿಳಿ, ಒಂದರಲ್ಲಿ ಒಂದು ಮುಚ್ಚಿಹೋಗಬಹುದು. ಲಿವರ್ ಗಂಟಿಗೆ ಪ್ಲೇನ್ ಸಿಟಿ ದಂಡ, ಕಲ್ಲಿಗೆ ಅದೇ ಸರಿ. ಕಲ್ಲು 5 ಮಿ.ಮೀ. ಒಳಗಿದ್ದರೆ ಬಹುಪಾಲು ತಾನಾಗೇ ಇಳಿಯುತ್ತದೆ. 10 ಮಿ.ಮೀ. ದಾಟಿದ್ದರೆ ಕಷ್ಟ. ಇಳಿಯಿತಾ ಅಂತ ನೋಡುವುದಕ್ಕೆ ಪ್ರತಿ ಸಲ ಸಿಟಿ ಬೇಡ. ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಸಾಕು.

ಸಿಸ್ಟ್‌ನೊಳಗೆ ದಪ್ಪ ಗೋಡೆ, ಪರದೆ, ಗಟ್ಟಿ ಭಾಗ ಇದೆ, ‘ಕಾಂಪ್ಲೆಕ್ಸ್ ಸಿಸ್ಟ್’ ಅಂತ ಬರೆದಿದ್ದಾರೆ ಅಂದರೆ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐ ಮಾಡಿ ಬೋಸ್ನಿಯಾಕ್ ಅನ್ನುವ ಪಟ್ಟಿಯಲ್ಲಿ ದರ್ಜೆ ಕೊಡುತ್ತಾರೆ. ಒಂದು, ಎರಡು ಆದರೆ ಮರೆತುಬಿಡಿ. ‘ಟೂ ಎಫ್’ ಆದರೆ ಕಾಲಕಾಲಕ್ಕೆ ನೋಡಬೇಕು. ಮೂರು, ನಾಲ್ಕು ಆದರೆ ಯೂರಾಲಜಿಸ್ಟ್. ‘ರೀನಲ್ ಎಕೋಜೆನಿಸಿಟಿ ಜಾಸ್ತಿ’ ಅಂದಿದ್ದರೆ ಸ್ಕ್ಯಾನ್ ಬೇಡ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮತ್ತು ಮೂತ್ರದ ಆಲ್ಬುಮಿನ್ ಮಾಡಿಸಿ.

ಹೆಜ್ಜೆ 7: ಹೆಂಗಸರು, ಮಕ್ಕಳು

ಮುಟ್ಟು ನಿಲ್ಲದವರಲ್ಲಿ 5 ಸೆಂ.ಮೀ. ಒಳಗಿನ ಸಿಂಪಲ್ ಓವೇರಿಯನ್ ಸಿಸ್ಟ್ ಪ್ರತಿ ತಿಂಗಳ ಅಂಡದ ಚೀಲವೇ ಇರಬಹುದು. ರಕ್ತ ತುಂಬಿದ ಸಿಸ್ಟ್ ಆದರೆ 6ರಿಂದ 12 ವಾರ ಬಿಟ್ಟು, ಮುಟ್ಟು ಮುಗಿದ ಹೊಸತರಲ್ಲಿ ಮತ್ತೆ ಅಲ್ಟ್ರಾಸೌಂಡ್. ಒಳಗೆ ಗಟ್ಟಿ ಭಾಗ, ಅದರಲ್ಲಿ ರಕ್ತ ಸಂಚಾರ ಕಂಡರೆ ಪೆಲ್ವಿಸ್ ಎಂಆರ್‌ಐ. ಇಲ್ಲಿ ಸಿಟಿಗಿಂತ ಎಂಆರ್‌ಐ ಮೇಲು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಹೋದರೂ ಟ್ರಾನ್ಸ್‌ವಜೈನಲ್ ಸ್ಕ್ಯಾನ್ ಮಾಡಿಸಬೇಕು. ಗರ್ಭಕೋಶದ ಒಳಪದರ 4 ಮಿ.ಮೀ. ದಾಟಿದ್ದರೆ ಬಯಾಪ್ಸಿ. ನಾಚಿಕೆಯಿಂದ ಹೇಳದೆ ಉಳಿದು ತಡವಾಗುವುದು ಇದರಲ್ಲೇ ಜಾಸ್ತಿ. ಇನ್ನು ‘ಪಿಸಿಒಡಿ’ ಅಂತ ಸ್ಕ್ಯಾನ್ ಒಂದನ್ನೇ ನೋಡಿ ಹೇಳುವ ಹಾಗಿಲ್ಲ. ಮುಟ್ಟಿನ ಏರುಪೇರು, ಹಾರ್ಮೋನ್ ಲಕ್ಷಣ, ಸ್ಕ್ಯಾನ್, ಈ ಮೂರರಲ್ಲಿ ಎರಡಾದರೂ ಇರಬೇಕು.

ಮಕ್ಕಳ ಹೊಟ್ಟೆನೋವಿನ ರಿಪೋರ್ಟಿನಲ್ಲಿ ‘ಮೆಸೆಂಟರಿಕ್ ಲಿಂಫ್ ನೋಡ್’, ಅಂದರೆ ಕರುಳಿನ ಪಕ್ಕದ ದುಗ್ಧಗ್ರಂಥಿ, ಅನ್ನುವುದು ಮಾಮೂಲು. ಚೆನ್ನಾಗಿ ಆಡುವ, ಉಣ್ಣುವ, ತೂಕ ಏರುತ್ತಿರುವ ಮಗುವಿನಲ್ಲಿ ಸಣ್ಣ ಗಂಟುಗಳಿಗೆ ಸಿಟಿಯೂ ಬೇಡ, ಆಂಟಿಬಯಾಟಿಕ್ಕೂ ಬೇಡ. ವಾರಗಟ್ಟಲೆ ಜ್ವರ, ತೂಕ ಇಳಿತ ಇದ್ದರೆ ಕ್ಷಯದ ಕಡೆ ಯೋಚಿಸಬೇಕು. ‘ಅಪೆಂಡಿಕ್ಸ್ ನಾಟ್ ವಿಶುವಲೈಸ್ಡ್’ ಅಂದರೆ ಅಪೆಂಡಿಸೈಟಿಸ್ ಇಲ್ಲ ಅಂತಲ್ಲ. ಮಗುವಿನಲ್ಲಿ ಕೆಲವು ಗಂಟೆ ಬಿಟ್ಟು ಮತ್ತೆ ಅಲ್ಟ್ರಾಸೌಂಡ್, ಗರ್ಭಿಣಿಯಲ್ಲಿ ಎಂಆರ್‌ಐ, ಉಳಿದ ದೊಡ್ಡವರಲ್ಲಿ ಕಾಂಟ್ರಾಸ್ಟ್ ಸಿಟಿ.

ಹೆಜ್ಜೆ 8: ಇವಕ್ಕೆ ಕಾಯಬೇಡಿ

ಮೂತ್ರಪಿಂಡ ಊದಿ ಜೊತೆಗೆ ಚಳಿ ಜ್ವರ. ಕಾಮಾಲೆ, ಜ್ವರ, ಬಲಪಕ್ಕ ನೋವು ಮೂರೂ ಒಟ್ಟಿಗೆ. ಮುಟ್ಟು ತಪ್ಪಿದ ಹೆಂಗಸಿಗೆ ಹೊಟ್ಟೆನೋವು, ತಲೆಸುತ್ತು, ಸ್ಕ್ಯಾನಿನಲ್ಲಿ ನೀರು ಅಥವಾ ರಕ್ತ. ಹಲಗೆಯಂತೆ ಗಟ್ಟಿಯಾದ ಹೊಟ್ಟೆ. ಅಯೋರ್ಟಾ ಉಬ್ಬಿದ್ದು ಜೊತೆಗೆ ಬೆನ್ನುನೋವು. ಇವುಗಳಲ್ಲಿ ಹೊರಗಡೆ ಎಂಆರ್‌ಐಗೆ ಅಪಾಯಿಂಟ್‌ಮೆಂಟ್ ಹುಡುಕಬೇಡಿ. ಮಂಡ್ಯದವರು ಮಿಮ್ಸ್‌ಗೆ, ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಇಲ್ಲವೇ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಿ. ಬೇಕಾದ ಸ್ಕ್ಯಾನ್ ಅಲ್ಲೇ ಆಗುತ್ತದೆ.

ಹೆಜ್ಜೆ 9: ಮುಂದಿನ ಸ್ಕ್ಯಾನಿಗೆ ಹೋಗುವ ಮೊದಲು

ಹೊಟ್ಟೆಯ ಒಂದು ಸಾಮಾನ್ಯ ಸಿಟಿಯಲ್ಲಿ 8ರಿಂದ 10 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆ. ಭೂಮಿ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ, ಅದರ ಜೊತೆ ಹೋಲಿಸಿಕೊಳ್ಳಿ. ಬೇಕಿದ್ದಾಗ ಹೆದರಬೇಡಿ, ಬೇಡದಿದ್ದಾಗ ಮಾಡಿಸಬೇಡಿ. ಗರ್ಭಿಣಿ ಇರಬಹುದು ಅಂತ ಸಣ್ಣ ಅನುಮಾನ ಇದ್ದರೂ ಮೊದಲೇ ಹೇಳಿ. ಕಾಂಟ್ರಾಸ್ಟ್ ಸಿಟಿಗೆ ಹೊಸ ಕ್ರಿಯಾಟಿನಿನ್ ರಿಪೋರ್ಟ್ ಒಯ್ಯಿರಿ. ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಸೋಸುತ್ತದೆ ಅನ್ನುವ ಲೆಕ್ಕ) 30ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಲಾಭ ನಷ್ಟ ತೂಗಿ ನೋಡಬೇಕು. ಅಂಥವರು ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿ ಶುರು ಮಾಡಿಸುತ್ತಾರೆ. ಹಿಂದೆ ಯಾವಾಗಲಾದರೂ ಇಂಜೆಕ್ಷನ್‌ಗೆ ಮೈ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಹೇಳಲೇಬೇಕು. ಎಂಆರ್‌ಐ ಆದರೆ ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ತಲೆಯೊಳಗಿನ ಕ್ಲಿಪ್ ಇದ್ದರೆ ಹೇಳಿ. ವೆಲ್ಡಿಂಗ್, ಲೇತ್ ಕೆಲಸ ಮಾಡುವವರು ಕಣ್ಣಿಗೆ ಕಬ್ಬಿಣದ ಚೂರು ಬಿದ್ದದ್ದು ನೆನಪಿದ್ದರೆ ಅದನ್ನೂ ಹೇಳಿ. ಸರ್ಕಾರಿ ಯೋಜನೆಯ ಕಾರ್ಡ್ ಇದ್ದರೆ ದುಡ್ಡು ಕಟ್ಟುವ ಮೊದಲು ಕೌಂಟರಿನಲ್ಲಿ ವಿಚಾರಿಸಿ, ಆಮೇಲೆ ಕೇಳಿದರೆ ವಾಪಸ್ ಸಿಗುವುದು ಕಷ್ಟ.

ಚೀಟಿಯನ್ನು ಒಮ್ಮೆ ಓದಿ ನೋಡಿ. ‘ಎಂಆರ್‌ಐ ಅಬ್ಡಮನ್’ ಅಂತ ಎರಡೇ ಪದ ಇದ್ದರೆ ವೈದ್ಯರನ್ನು ಇನ್ನೊಂದು ಸಾಲು ಕೇಳಿ ಬರೆಸಿಕೊಳ್ಳಿ. ‘ಸಿಬಿಡಿ 11 ಮಿ.ಮೀ., ಬಿಲಿರುಬಿನ್ 4.2, ನಾಳದಲ್ಲಿ ಕಲ್ಲಿದೆಯೇ’ ಅಂತ ಇದ್ದರೆ ಸ್ಕ್ಯಾನ್ ಮಾಡುವವರಿಗೆ ಯಾವ ರೀತಿ ತೆಗೆಯಬೇಕು, ಎಲ್ಲಿ ಕಣ್ಣಿಡಬೇಕು ಅಂತ ಗೊತ್ತಾಗುತ್ತದೆ. ಹಳೆಯ ರಿಪೋರ್ಟ್ ಜೊತೆ ಹಳೆಯ ಫಿಲ್ಮ್, ಸಿಡಿ ಕೂಡ ತನ್ನಿ. ಹೋದ ವರ್ಷ 18 ಮಿ.ಮೀ. ಇದ್ದ ಗಂಟು ಈಗ 20 ಆಗಿದೆ ಅಂದರೆ ಬೆಳೆದಿದೆ ಅಂತಲೇ ಅಲ್ಲ, ಅಳೆಯುವ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ‘ಹಳೆಯದರ ಜೊತೆ ಹೋಲಿಸಿದೆ’ ಅಂತ ರಿಪೋರ್ಟಿನಲ್ಲೇ ಬರೆಯಲು ರೇಡಿಯಾಲಜಿಸ್ಟ್‌ಗೆ ಹೇಳಿ.